ದೀಪದಷ್ಟು ಅಗಲ

ನಾನು ಮೊದಲ ಸಲ ಅವನ ಅಂಗಡಿಗೆ ಹೋದದ್ದು ಒಡೆದ ಕಂಟ್ರೋಲರ್ ಹಿಡಿದುಕೊಂಡು. ವಿಡಿಯೋ ಗೇಮ್ ಆಡುವಾಗ ಕೈಯಲ್ಲಿ ಹಿಡಿಯುತ್ತೇವಲ್ಲ, ಅದು. ಅದು ತಾನಾಗಿ ಒಡೆದಿರಲಿಲ್ಲ, ನಾನೇ ಸಿಟ್ಟಿನಲ್ಲಿ ಗೋಡೆಗೆ ಎಸೆದಿದ್ದೆ. ಗುರುತಿಲ್ಲದವರ ಮುಂದೆ ಅದನ್ನೆಲ್ಲ ಹೇಳಲಾಗುತ್ತದೆಯೇ?

"ಅಣ್ಣಾ, ಇದು ಕೈಜಾರಿ ಬಿತ್ತು. ಸರಿಯಾಗುತ್ತಾ ನೋಡಿ."

ಅವನು ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಫೋನಿನ ಹೊಟ್ಟೆ ಬಗೆಯುತ್ತಿದ್ದ. ನನ್ನ ಕಂಟ್ರೋಲರನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದ.

"ಎಷ್ಟು ಜೋರಾಗಿ ಜಾರಿತು?"

"ಸುಮಾರಾಗಿ."

"ಪಾತಾಳದಲ್ಲಿ ಎಷ್ಟನೇ ಮಹಡಿ?"

ಪಾತಾಳ ಅನ್ನುವುದು ನಾನು ಸೋತಿದ್ದ ಗೇಮಿಗೆ ಆಡುವವರು ಇಟ್ಟುಕೊಂಡ ಹೆಸರು. "ನಿಮಗೆ ಹೇಗೆ ಗೊತ್ತಾಯ್ತು?"

"ಕತ್ತಿ ಬೀಸೋ ಬಟನ್ ಸವೆದು ಹೋಗಿದೆ. ಓಡಿಹೋಗೋ ಬಟನ್ ಹೊಸದಾಗೇ ಇದೆ. ಇಷ್ಟು ಹಠ ಇರೋರು ಏಳನೇ ಮಹಡೀಲೇ ಸಾಯೋದು." ಭೂತಗನ್ನಡಿ ತೆಗೆದು ನನ್ನನ್ನೇ ನೇರವಾಗಿ ನೋಡಿದ. ಅಷ್ಟು ನೇರವಾಗಿ ನೋಡುವವರು ಕಡಿಮೆ. "ನಾಳೆ ಬನ್ನಿ, ಸರಿ ಮಾಡಿಟ್ಟಿರ್ತೀನಿ. ಒಂದೇ ಷರತ್ತು."

"ಏನು?"

"ಅಣ್ಣ ಅನ್ನಬೇಡಿ."

ಮನೆಗೆ ಬರುವ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಎದುರು ಬಂದವರು ಏನಂದುಕೊಂಡರೋ.

ಪಾತಾಳ ಇಬ್ಬರು ಸೇರಿ ಆಡುವ ಆಟ. ಒಬ್ಬರ ಕೈಯಲ್ಲಿ ದೀಪ, ಇನ್ನೊಬ್ಬರ ಕೈಯಲ್ಲಿ ಕತ್ತಿ. ದೀಪದವರು ಹೊಡೆಯುವ ಹಾಗಿಲ್ಲ, ಕತ್ತಿಯವರಿಗೆ ದೀಪವಿಲ್ಲದೆ ಏನೂ ಕಾಣುವುದಿಲ್ಲ. ನೆಲದಡಿಯ ಸುರಂಗಗಳಲ್ಲಿ ಮಹಡಿ ಮಹಡಿಯಾಗಿ ಕೆಳಗಿಳಿಯಬೇಕು. ಇಳಿದಷ್ಟೂ ಬೆಳಕಿನ ವೃತ್ತ ಚಿಕ್ಕದಾಗುತ್ತದೆ, ಅದರಾಚೆ ಬಾಯಿ ತೆರೆದು ಕೂತವು ದೊಡ್ಡವಾಗುತ್ತವೆ. ಇಬ್ಬರೂ ಸತ್ತರೆ ಮತ್ತೆ ಮೊದಲ ಮಹಡಿಯಿಂದ ಶುರು. ಅಷ್ಟರಲ್ಲಿ ದಾರಿಗಳೆಲ್ಲ ಬದಲಾಗಿರುತ್ತವೆ. ಈ ಆಟ ಮಾಡಿದವರಿಗೆ ನಮ್ಮ ಮೇಲೆ ಯಾವ ಜನ್ಮದ ಸಿಟ್ಟೋ ಗೊತ್ತಿಲ್ಲ.

ಆದರೂ ಬಿಡಲಾಗುವುದಿಲ್ಲ. ಶಾಪ ಹಾಕುತ್ತಲೇ ಮತ್ತೆ ಬಟನ್ ಒತ್ತುತ್ತೇವೆ. ಯಾವುದೋ ಒಂದು ತಿರುವಿನಲ್ಲಿ ದೀಪ ಸರಿಯಾದ ಹೊತ್ತಿಗೆ ಮೇಲೇಳುತ್ತದೆ, ಕತ್ತಿ ಸರಿಯಾದ ಹೊತ್ತಿಗೆ ಬೀಳುತ್ತದೆ, ಇಬ್ಬರೂ ಒಂದೇ ಸಲ ಉಸಿರು ಬಿಡುತ್ತೇವೆ. ಆ ಒಂದು ಉಸಿರಿಗಾಗಿ ಉಳಿದ ಗೋಳನ್ನೆಲ್ಲ ಸಹಿಸಿಕೊಳ್ಳುವುದು.

ನನ್ನ ಜೊತೆ ಆಡುತ್ತಿದ್ದ ಗೆಳತಿ ನನ್ನ ಬಾಯಿಗೆ ಹೆದರಿ ಕೈಮುಗಿದಿದ್ದಳು. ಹಾಗಾಗಿ ಕಂಟ್ರೋಲರ್ ತರಲು ಹೋದವಳು ಭಾನುವಾರ ಆಡಲು ಬರುತ್ತೇನೆಂದು ಹೇಳಿಯೇ ಬಂದೆ. ಅಂಗಡಿಯ ಹಿಂದೆ ಅವನದೊಂದು ಕೋಣೆ. ಬಿಚ್ಚಿಟ್ಟ ರೇಡಿಯೋಗಳು, ಟಿನ್ ಡಬ್ಬಿ ತುಂಬ ಸ್ಕ್ರೂಗಳು, ಗೋಡೆಗೆ ದೊಡ್ಡ ಟಿವಿ. ಅದರ ಮುಂದೆ ಹಳೆಯ ಸೋಫಾ. ಮೇಲಿನ ಮನೆಯಲ್ಲಿ ಅವನ ಅಕ್ಕ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಭಾನುವಾರ ಬೆಳಿಗ್ಗೆ ಟೀ ಮಾಡಿ ತಂದುಕೊಡುತ್ತಿದ್ದಳು, ನನ್ನ ಕೂಗಾಟ ಕೇಳಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಅವನು ಯಾವಾಗಲೂ ದೀಪವನ್ನೇ ಕೇಳುತ್ತಿದ್ದ.

"ಗಂಡಸಾಗಿ ದೀಪ ಹಿಡ್ಕೊಂಡು ನನ್ನ ಹಿಂದೆ ಬರ್ತೀಯಲ್ಲ, ನಾಚಿಕೆ ಆಗಲ್ವಾ?"

"ನೀನು ಕತ್ತಿ ಬೀಸೋದನ್ನ ನೋಡೋಕೆ ಯಾರಾದ್ರೂ ದೀಪ ಹಿಡೀಬೇಕಲ್ಲ."

'ನೀವು' ಯಾವಾಗ 'ನೀನು' ಆಯಿತು ಎಂದು ಇಬ್ಬರಿಗೂ ನೆನಪಿಲ್ಲ. ಅವನು ನನ್ನನ್ನು 'ಗುಡುಗು' ಎಂದು ಕರೆಯತೊಡಗಿದ್ದ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಮೆತ್ತಗಿನ ದನಿಯಲ್ಲಿ "ಮೇಲಿನ ಸಾಲು ಓದಿ" ಅನ್ನುವ ನನಗೆ ಭಾನುವಾರವೊಂದೇ ಗುಡುಗಲು ಸಿಗುತ್ತಿದ್ದದ್ದು.

ನಮ್ಮ ಖಾಯಂ ಜಗಳ ಒಂದಿತ್ತು. ಒಬ್ಬರು ಸತ್ತು ಬಿದ್ದರೆ ಪರದೆಯ ಮೇಲೆ ಎರಡು ಆಯ್ಕೆ ಬರುತ್ತದೆ: 'ಬಿಟ್ಟು ಹೋಗು', 'ಹೊತ್ತು ಹೋಗು'. ಬಿಟ್ಟರೆ ಅವರ ಸಾಮಾನೆಲ್ಲ ನಮ್ಮದು, ಒಬ್ಬರೇ ಮುಂದೆ ಹೋಗಬಹುದು. ಹೊತ್ತರೆ ಮೇಲಿನ ಮಹಡಿಯವರೆಗೆ ಬೆನ್ನ ಮೇಲೆ ಸಾಗಿಸಬೇಕು, ಅಲ್ಲಿ ಅವರು ಎದ್ದು ಕೂರುತ್ತಾರೆ. ಆದರೆ ಹೊತ್ತವರು ಹೊಡೆಯುವ ಹಾಗಿಲ್ಲ, ಓಡುವ ಹಾಗಿಲ್ಲ. ಹೊತ್ತು ಮೇಲೆ ತಲುಪಿದವರನ್ನು ನಾನಂತೂ ಕಂಡಿಲ್ಲ. ನಾನು ಬಿದ್ದಾಗಲೆಲ್ಲ ಅವನು ಹೊರುತ್ತಿದ್ದ, ಇಬ್ಬರೂ ಸಾಯುತ್ತಿದ್ದೆವು. ಅವನು ಬಿದ್ದಾಗ ನಾನು ದೀಪ ಕಿತ್ತುಕೊಂಡು ಹೊರಟುಬಿಡುತ್ತಿದ್ದೆ.

"ಕರುಣೆ ಇಲ್ಲದವಳು" ಅನ್ನುತ್ತಿದ್ದ.

"ಆಟ ಆಡೋಕೆ ಬಂದಿದ್ದೀನಿ, ಸೇವೆ ಮಾಡೋಕಲ್ಲ."

ನನ್ನ ನಿಜವಾದ ಸಂಕಟ ಬೇರೆಯೇ ಇತ್ತು. ಸೋಫಾದಲ್ಲಿ ಇಬ್ಬರಿಗೆ ಬೇಕಾದಷ್ಟು ಜಾಗವಿದ್ದರೂ ಅವನು ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒರಗಿಸಿದ ಸ್ಟೂಲಿನ ಮೇಲೆ ಕೂರುತ್ತಿದ್ದ. "ಇಲ್ಲಿಂದ ಪೂರ್ತಿ ಕಾಣುತ್ತೆ" ಅನ್ನುತ್ತಿದ್ದ. ಏನೋ ನೆಪ ಮಾಡಿ ನಾನು ಹತ್ತಿರ ಹೋದರೆ ಅವನು ಹಿಂದೆ ಸರಿಯುತ್ತಿದ್ದ. ಒಂದು ದಿನ ಹೊಸ ಬಟ್ಟೆ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿ ಕೆಲಸ ಮಾಡುತ್ತ ಕೂತವನ ಮುಂದೆಯೇ ನಿಂತೆ. ಕುರ್ಚಿಯನ್ನು ದರದರ ಹಿಂದಕ್ಕೆ ಎಳೆದುಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಚೆನ್ನಾಗಿದೆ" ಅಂದ. ಆ ಕಣ್ಣಲ್ಲಿ ಪ್ರೀತಿ ಇತ್ತು, ಪ್ರಮಾಣ ಮಾಡಿ ಹೇಳಬಲ್ಲೆ. ಹಾಗಿದ್ದರೆ ಕುರ್ಚಿ ಯಾಕೆ ಹಿಂದಕ್ಕೆ ಹೋಯಿತು? ಮನೆಗೆ ಹೋಗಿ ತಲೆದಿಂಬಿಗೆ ಮುಖ ಒತ್ತಿ ಅತ್ತೆ.

ಅದು ಹಾಗೇ ಒಳಗೇ ಕುದಿಯುತ್ತಿದ್ದಾಗ ಆ ಭಾನುವಾರ ಬಂತು. ಎಂಟನೇ ಮಹಡಿಯಲ್ಲಿದ್ದೆವು. ಎಡಗಡೆಯಿಂದ ಬಾವಲಿ ಬಂತು, ದೊಡ್ಡ ಬಾವಲಿ, ಕುರುಡರಿಗೂ ಕಾಣುವಂಥದ್ದು.

"ಎಡಗಡೆ! ಎಡಗಡೆ ನೋಡೋ!"

ಅವನು ದೀಪ ಅಲ್ಲಾಡಿಸಲಿಲ್ಲ. ಬಾವಲಿ ನನ್ನ ಕುತ್ತಿಗೆ ಹಿಡಿಯಿತು.

"ಪ್ರತೀ ಸಲ ಎಡಗಡೆ, ಇಲ್ಲಾ ಬಲಗಡೆ. ನನ್ನ ಪಕ್ಕ ಏನು ಬರ್ತಿದೆ ಅಂತ ನೋಡೋ ಮನಸ್ಸೇ ಇಲ್ಲ ನಿನಗೆ. ಹತ್ತಿರ ಕೂರೋಕೂ ಇಷ್ಟ ಇಲ್ಲ, ಆಟ ಆಡೋಕೂ ಇಷ್ಟ ಇಲ್ಲ. ತಗೋ ನಿನ್ನ ಕಂಟ್ರೋಲರ್, ನಾನು ಹೊರಟೆ."

ಅವನ ಪಕ್ಕಕ್ಕೆ ಹೋಗಿ ಕಂಟ್ರೋಲರ್ ಚಾಚಿದೆ. ತೆಗೆದುಕೊಳ್ಳಲಿಲ್ಲ. ಟಿವಿಯನ್ನೇ ನೋಡುತ್ತ ಕೂತಿದ್ದ. ಎಷ್ಟು ಸೊಕ್ಕು ಎಂದು ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವನು ಟೀಗೆ ಕೈ ಚಾಚಿದ, ಲೋಟ ಉರುಳಿತು. ಅವನ ಕೈಯಲ್ಲಿ ಎಷ್ಟು ಲೋಟ ಉರುಳಿರಲಿಲ್ಲ! ಕೈಕಾಲು ನೆಟ್ಟಗಿಲ್ಲ ಎಂದು ನಾನೂ ಅಕ್ಕನೂ ನಗುತ್ತಿದ್ದೆವು. ಅಲ್ಲ, ನಾನು ನಗುತ್ತಿದ್ದೆ. ಅಕ್ಕ ಬಟ್ಟೆ ತಂದು ಸುಮ್ಮನೆ ಒರೆಸುತ್ತಿದ್ದಳು.

ಕಂಟ್ರೋಲರ್ ಕೆಳಗಿಟ್ಟು ಅವನ ಕಿವಿಯ ಪಕ್ಕ ಒಂದು ಬೆರಳು ಹಿಡಿದೆ. ಪಕ್ಕದ ನೋಟ ಅಳೆಯಲು ದಿನಾ ಕನ್ನಡಕದ ಅಂಗಡಿಯಲ್ಲಿ ಮಾಡುವ ಕೆಲಸ. ಬೆರಳನ್ನು ಅಲ್ಲಾಡಿಸುತ್ತ ನಿಧಾನವಾಗಿ ಮುಂದೆ ತರುವುದು, ಕಂಡಾಗ ಅವರು ಹೇಳುವುದು. ಕಿವಿ ದಾಟಿದೆ. ಕೆನ್ನೆ ದಾಟಿದೆ. ಕಣ್ಣಿನ ಕೊನೆ ದಾಟಿದೆ. ಹೇಳು, ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಬೆರಳು ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ ಅವನು ಬೆಚ್ಚಿ ತಲೆ ಹಿಂದೆಳೆದ.

ಬೆರಳನ್ನು ನೋಡಿದ, ನನ್ನನ್ನು ನೋಡಿದ.

"ಅಂಗಡಿ ಕೆಲಸ ಇಲ್ಲೂ ಮಾಡ್ತೀಯಾ?" ಅಂದ. ನಗಲು ನೋಡಿದ, ಆಗಲಿಲ್ಲ.

"ಯಾವಾಗಿಂದ?"

"ಕತ್ತಲಲ್ಲಿ ಕಾಣದೇ ಇರೋದು ಚಿಕ್ಕಂದಿನಿಂದ. ಈಗ ಸುತ್ತಲಿಂದ ಮುಚ್ಚಿಕೊಳ್ತಾ ಬರ್ತಿದೆ, ಟಿವಿಯ ಅಂಚೂ ಸಿಗ್ತಿಲ್ಲ. ಅಪ್ಪನಿಗೂ ಹೀಗೇ ಆಗಿತ್ತು." ಉರುಳಿದ ಲೋಟವನ್ನು ತಡಕಿ ನೆಟ್ಟಗೆ ನಿಲ್ಲಿಸಿದ. "ಮಧ್ಯೆ ಚೆನ್ನಾಗೇ ಕಾಣುತ್ತೆ, ಅದಕ್ಕೇ ರಿಪೇರಿ ಕೆಲಸ ನಡೀತಿದೆ. ಎಷ್ಟು ದಿನ ಅಂತ ಡಾಕ್ಟರಿಗೂ ಗೊತ್ತಿಲ್ಲ. ಕಣ್ಣಿಲ್ಲದೇ ಕೆಲಸ ಮಾಡೋದನ್ನ ಕಲಿಸೋ ಜಾಗ ಒಂದಿದೆ, ದೂರ. ಅಲ್ಲೇ ಉಳ್ಕೊಂಡು ಕಲೀಬೇಕು. ಮುಂದಿನ ಭಾನುವಾರ ಹೊರಡ್ತೀನಿ. ಅಷ್ಟರಲ್ಲಿ ಇದೊಂದು ಆಟ ನಿನ್ನ ಜೊತೆ ಮುಗಿಸಬೇಕು ಅಂತಿತ್ತು."

"ನನಗೆ ಹೇಳಬೇಕು ಅಂತ ಅನ್ನಿಸಲೇ ಇಲ್ವಾ?"

"ಹೊರಗೆ ನಾನೊಬ್ಬನೇ ಕಂಬಕ್ಕೆ ಡಿಕ್ಕಿ ಹೊಡೀತೀನಿ. ಪಾತಾಳದಲ್ಲಿ ಎಲ್ಲರೂ ಡಿಕ್ಕಿ ಹೊಡೀತಾರೆ. ದೀಪದ ಬೆಳಕು ಎಷ್ಟು ಅಗಲವೋ ಎಲ್ಲರ ಕಣ್ಣೂ ಅಷ್ಟೇ ಅಗಲ. ಅಲ್ಲಿ ನಾನೂ ನೀನೂ ಒಂದೇ. ಹೇಳಿದ್ರೆ ಅದೂ ಹೋಗ್ತಿತ್ತು."

ಊರ ಜನರ ಕಣ್ಣು ನೋಡುವವಳಿಗೆ ಎದುರಿಗಿದ್ದವನ ಕಣ್ಣು ಕಂಡಿರಲಿಲ್ಲ. ಅದಕ್ಕೆ ಅಳುವುದೋ, ಅವನು ಹೋಗುತ್ತಿರುವುದಕ್ಕೆ ಅಳುವುದೋ ಗೊತ್ತಾಗಲಿಲ್ಲ. ಮನಸ್ಸಿನಲ್ಲಿ ಉಳಿದಿದ್ದ ಒಂದೇ ಪ್ರಶ್ನೆ ಕೇಳಿದೆ.

"ನಾನು ಹತ್ತಿರ ಬಂದ್ರೆ ಯಾಕೆ ದೂರ ಹೋಗ್ತಿದ್ದೆ?"

"ಹತ್ತಿರ ಬಂದ್ರೆ ನೀನು ಚೂರು ಚೂರು ಕಾಣ್ತೀಯ. ಬರೀ ಮೂಗು, ಇಲ್ಲಾ ಬರೀ ಬಾಯಿ. ದೂರ ಹೋದಷ್ಟೂ ಪೂರ್ತಿ ಸಿಗ್ತೀಯ." ತಲೆ ತಗ್ಗಿಸಿದ. "ಆ ಸ್ಟೂಲ್ ಮೇಲೆ ಕೂತ್ರೆ ಟಿವಿ, ಟಿವಿ ಮುಂದೆ ನೀನು, ಎರಡೂ ಒಟ್ಟಿಗೆ ಕಾಣ್ತಿತ್ತು."

ಅಷ್ಟು ದಿನ ನಾನು ಬೈದುಕೊಂಡಿದ್ದ ಆ ಸ್ಟೂಲನ್ನು ನೋಡಿದೆ.

"ನನಗೆ ನೀನು ಇಷ್ಟ" ಅಂದೆ.

"ಗೊತ್ತು. ಅದಕ್ಕೇ ಹೇಳ್ಲಿಲ್ಲ. ಅಪ್ಪನ್ನ ಅಮ್ಮ ಕೈಹಿಡಿದು ನಡೆಸೋದನ್ನ ನೋಡ್ತಾನೇ ನಾವು ಬೆಳೆದದ್ದು. ಅಮ್ಮ ಒಂದು ದಿನವೂ ಬೇಜಾರು ಮಾಡ್ಕೊಳ್ಳಲಿಲ್ಲ. ಆದ್ರೆ ಒಬ್ಬಳೇ ಅಂತ ಎಲ್ಲಿಗೂ ಹೋಗಲೂ ಇಲ್ಲ. ನಿನ್ನನ್ನ ಹಾಗೆ ಮಾಡೋಕೆ ನನಗೆ ಇಷ್ಟ ಇಲ್ಲ."

ನಾನು ಬಟ್ಟೆ ತಂದು ಚೆಲ್ಲಿದ ಟೀ ಒರೆಸಿದೆ, ಅಕ್ಕನ ಹಾಗೆ.

ಮುಂದಿನ ಭಾನುವಾರ ಬೆಳಿಗ್ಗೆ ಹೋದಾಗ ಬಾಗಿಲ ಬಳಿ ಅವನ ಚೀಲ ಸಿದ್ಧವಾಗಿತ್ತು. ಮಧ್ಯಾಹ್ನ ಗಾಡಿ ಬರುವುದಿತ್ತು. ಅಕ್ಕ ಟೀ ಲೋಟವನ್ನು ತಮ್ಮನ ಕೈಗೇ ಕೊಟ್ಟು, ನನ್ನ ತಲೆ ಸವರಿ, ಮೇಲೆ ಹೋದಳು.

"ಎಡ ಬಲ ನಾನು ಹೇಳ್ತೀನಿ. ನೀನು ಮುಂದೆ ನೋಡು" ಅಂದೆ.

ಅವತ್ತು ಆಡಿದ ಹಾಗೆ ನಾವು ಯಾವತ್ತೂ ಆಡಿರಲಿಲ್ಲ. ನಾನು ಕೂಗುತ್ತಿರಲಿಲ್ಲ, ಅಂಗಡಿಯ ಮೆತ್ತಗಿನ ದನಿಯಲ್ಲಿ ಹೇಳುತ್ತಿದ್ದೆ. ಎಡಕ್ಕೆ ಒಂದು. ಬಲಕ್ಕೆ ಗೋಡೆ. ಸ್ವಲ್ಪ ತಡಿ, ಈಗ ಎತ್ತು. ಅವನು ದೀಪ ಎತ್ತುತ್ತಿದ್ದ, ನಾನು ಬೀಸುತ್ತಿದ್ದೆ. ಏಳು ದಾಟಿತು, ಎಂಟು ದಾಟಿತು. ಯಾವತ್ತೂ ಕಾಣದ ಮಹಡಿಗಳೆಲ್ಲ ದಾಟಿ ಕೊನೆಗೆ ಒಂದು ಬಾಗಿಲು ಬಂತು. ಅದರ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಪಾತಾಳದಲ್ಲಿ ಬಿಸಿಲು.

ನಾನು ಆ ಬಿಸಿಲನ್ನೇ ನೋಡುತ್ತಾ ನಿಂತುಬಿಟ್ಟೆ. ಬಲಗಡೆ ಹೇಳುವುದು ತಪ್ಪಿಹೋಯಿತು. ಏನೋ ಒಂದು ಆ ಕಡೆಯಿಂದ ಜಿಗಿಯಿತು, ಅವನು ಸತ್ತು ಬಿದ್ದ, ದೀಪ ನೆಲಕ್ಕೆ ಬಿತ್ತು.

ಪರದೆಯ ಮೇಲೆ ಆ ಎರಡು ಸಾಲು ಬಂದವು.

ಬಾಗಿಲು ನನ್ನ ಮುಂದೆಯೇ ಇತ್ತು. ಒಂದು ಬಟನ್ ಒತ್ತಿದರೆ ಆಟ ಗೆದ್ದಂತೆ.

"ಬಿಟ್ಟು ಹೋಗು" ಅಂದ ಹಿಂದಿನಿಂದ. ಆಮೇಲೆ ಇನ್ನೂ ಮೆತ್ತಗೆ, "ನೀನು ಯಾವಾಗಲೂ ಬಿಟ್ಟೇ ಹೋಗ್ತೀಯಲ್ಲ. ಅದೇ ಸರಿ. ಹೋಗು."

ಅವನು ಆಟದ ಮಾತು ಆಡುತ್ತಿರಲಿಲ್ಲ.

ನಾನು ಎರಡನೆಯದನ್ನು ಒತ್ತಿದೆ. ಅವನನ್ನು ಬೆನ್ನಿಗೆ ಹಾಕಿಕೊಂಡು, ಬಿಸಿಲಿಗೆ ಬೆನ್ನು ಮಾಡಿ, ಬಂದ ಮೆಟ್ಟಿಲನ್ನೇ ಹತ್ತತೊಡಗಿದೆ. ಎಷ್ಟು ನಿಧಾನ ಅಂದರೆ, ನೋಡಿದವರಿಗೆ ಅಳು ಬರಬೇಕು. ಕತ್ತಲಲ್ಲಿ ಹೆಜ್ಜೆ ಸದ್ದು ಮಾತ್ರ ಕೇಳುತ್ತಿತ್ತು. ಮೆಟ್ಟಿಲ ಅರ್ಧದಲ್ಲಿ, ಬಾಯಿ ತೆರೆದು ಕೂತಿದ್ದವೆಲ್ಲ ಒಟ್ಟಿಗೆ ಬಂದು ಮುತ್ತಿಕೊಂಡವು. ಪರದೆ ಕಪ್ಪಾಯಿತು.

"ಎಂಥಾ ಕೆಲಸ ಮಾಡಿದೆ" ಅಂದ. "ಬಾಗಿಲು ಅಲ್ಲೇ ಇತ್ತು."

"ಗೊತ್ತು."

"ಹೊತ್ತೋರು ಯಾರೂ ಉಳಿಯಲ್ಲ ಅಂತ ನೀನೇ ಹೇಳ್ತಿದ್ದೆ."

"ಈಗಲೂ ಹೇಳ್ತೀನಿ. ಆದ್ರೂ ಹೊತ್ತೆ. ನನ್ನಿಷ್ಟ." ಕಣ್ಣೀರನ್ನು ತೋಳಿಗೆ ಒರೆಸಿಕೊಂಡೆ. "ನಿಮ್ಮಮ್ಮ ಎಲ್ಲಿಗೂ ಹೋಗಲಿಲ್ಲ ಅಂದ್ಯಲ್ಲ. ನಾನು ಹೋಗ್ತೀನಿ. ಕೆಲಸಕ್ಕೂ ಹೋಗ್ತೀನಿ, ಊರಿಗೂ ಹೋಗ್ತೀನಿ, ಸಿಟ್ಟು ಬಂದ್ರೆ ಬಾಗಿಲು ಬಡಿದು ಹೋಗ್ತೀನಿ. ಮತ್ತೆ ವಾಪಸ್ ಬರ್ತೀನಿ. ನೀನು ಕಲಿಯೋದನ್ನ ಕಲಿತು ಬಾ."

ಅವನು ಕಂಟ್ರೋಲರ್ ಕೆಳಗಿಟ್ಟ. ಆಮೇಲೆ ಎದ್ದು ನಿಂತ.

"ಒಂದು ಸಲ ಈ ಕೋಣೆ ಬಾಗಿಲ ಹತ್ರ ಹೋಗಿ ನಿಲ್ತೀಯಾ? ಬೆಳಕಿದೆ ಅಲ್ಲಿ."

ಹೋಗಿ ನಿಂತೆ. ಅವನು ನನ್ನನ್ನು ನೋಡಿದ. ಕೂದಲಿನಿಂದ ಚಪ್ಪಲಿಯವರೆಗೆ ನಿಧಾನವಾಗಿ ನೋಡಿದ, ಬಾಯಿಪಾಠ ಮಾಡುವವರ ಹಾಗೆ. ನಾನು ಅಳಬಾರದೆಂದು ತುಟಿ ಕಚ್ಚಿ ನಿಂತಿದ್ದೆ.

"ಪೂರ್ತಿ ಇದ್ದೀಯ" ಅಂದ.

ಒಂದು ಹೆಜ್ಜೆ ಮುಂದಿಟ್ಟೆ. "ಈಗ?"

"ಕಾಲು ಹೋಯ್ತು."

ಇನ್ನೂ ಹತ್ತಿರ ಬಂದೆ. "ಈಗ?"

"ಕೈ ಹೋಯ್ತು. ಮುಖ ಇದೆ."

"ಈಗ?"

"ಕಣ್ಣು ಮಾತ್ರ." ಅವನ ಕಣ್ಣು ತುಂಬಿತ್ತು. "ಒಂದೇ ಕಣ್ಣು."

"ಈಗ?"

ಅವನು ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಿಂದ ನನ್ನ ಮುಖವನ್ನು ಹಿಡಿದುಕೊಂಡ.

ಗಾಡಿ ಬಂತು ಎಂದು ಅಕ್ಕ ಮೇಲಿನಿಂದ ಕೂಗಿದಳು. ಇಬ್ಬರಿಗೂ ಕೇಳಿಸಿತು. ಕೇಳಿಸಲಿಲ್ಲ ಅನ್ನುವ ಹಾಗೆ ನಿಂತಿದ್ದೆವು.