ನೊರೆ ಏಳದ ಮಡಕೆ

ನಾನು ಪುಕ್ಕಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಚಳ್ಳಕೆರೆಯಲ್ಲಿ ಆಟೋ ಓಡಿಸಿಕೊಂಡಿರುವ ಈ ಹೊನ್ನೂರಸ್ವಾಮಿಯನ್ನು ನಿವೃತ್ತ ನರ್ಸ್ ದೊಡ್ಡಕ್ಕನವರು ಎಂಥೆಂಥ ಪತ್ತೇದಾರಿಗೆಲ್ಲ ಎಳೆದುಕೊಂಡು ಹೋಗಿದ್ದಾರೋ! ಆದರೆ ೨೦೦೪ರ ಜೂನ್ ತಿಂಗಳ ಆ ದಿನ ಹೆದರಿದಷ್ಟು ನಾನು ಎಂದೂ ಹೆದರಿಲ್ಲ.

"ದೊಡ್ಡಕ್ಕಾರೇ, ನನ್ನನ್ನ ಕೊಂದೇ ಹಾಕ್ತಾರೆ!" ಎನ್ನುತ್ತ ಸ್ವಪ್ನ ಅವರ ಮನೆಗೆ ಓಡಿಬಂದಾಗ ಹಗಲು ಹನ್ನೊಂದು ಗಂಟೆ. ಕಲ್ಲೇಟಿಗೆ ಅವಳ ಹಣೆ ಒಡೆದಿತ್ತು.

ಸ್ವಪ್ನ ಸಂಶೋಧನೆಯ ಹುಡುಗಿ. ರಾಗಿಹಿಟ್ಟು ಹುಳಿ ಬರಿಸುವ ಮಡಕೆಗೆ ಒಳ್ಳೆಯ ಜಾತಿಯ ಯೀಸ್ಟ್ ಬೆರೆಸಿದರೆ ಅಂಬಲಿಯಲ್ಲಿ ವಿಟಮಿನ್ ಹೆಚ್ಚುತ್ತದೆ, ರಕ್ತ ಕಡಿಮೆಯಿರುವ ಬಸುರಿಯರಿಗೆ ಅದು ಒಳ್ಳೆಯದು ಎಂದು ಮೊಳಕಾಲ್ಮೂರು ದಾರಿಯ ಒಂದು ಹಟ್ಟಿಯಲ್ಲಿ ಪ್ರಯೋಗ ನಡೆಸಿದ್ದಳು. ಹದಿನೈದು ದಿನ ಎಲ್ಲ ಸರಿಯಾಗಿತ್ತು. ಅಂದು ಬೆಳಿಗ್ಗೆ ಒಂದೇ ಮಡಕೆಯ ಅಂಬಲಿಯನ್ನು ಇಪ್ಪತ್ತು ಜನ ಕುಡಿದಿದ್ದರು. ವಾಂತಿ ಮಾಡಿಕೊಂಡು ಬಿದ್ದವರು ಮೂವರು. ಮೂವರೂ ಬಸುರಿಯರು!

"ಏಳು ತಿಂಗಳ ರೂಪಾಗೆ ಎಚ್ಚರಾನೇ ಇಲ್ಲ. ಹೊಟ್ಟೆಗೆ ಏನು ಹೋಗಿದೆ ಅಂತ ಬೇಗ ತಿಳೀದಿದ್ರೆ ತಾಯಿ ಮಗು ಇಬ್ಬರನ್ನೂ ಉಳಿಸೋದು ಕಷ್ಟ ಅಂದ್ರು ಡಾಕ್ಟ್ರು. ಬಸಿರು ಇಳಿಸೋ ಔಷಧಿ ನಾನೇ ಹಾಕಿದೆ ಅಂತಾರೆ ಹಟ್ಟಿಯವರು."

"ಆಟೋ ತೆಗಿ ಹೊನ್ನೂರ" ಎಂದರು ದೊಡ್ಡಕ್ಕ.

"ಅಲ್ಲಿಗಾ? ಈ ಹುಡುಗೀನ ಕೂರಿಸ್ಕಂಡಾ? ನಮ್ಮ ಮೂಳೆ ಕೂಡ ಸಿಗಲ್ಲ ಅಕ್ಕಾರೆ!"

ನನ್ನ ಮಾತು ಅವರು ಯಾವತ್ತು ಕೇಳಿದ್ದಾರೆ?

ಹಟ್ಟಿಯ ಬಾಗಿಲಲ್ಲೇ ಜನ ದೊಣ್ಣೆ ಹಿಡಿದು ನಿಂತಿದ್ದರು. ನಾನು ಆಟೋವನ್ನು ಊರಿನ ಕಡೆಗೇ ಮುಖ ಮಾಡಿ ನಿಲ್ಲಿಸಿದೆ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಊರೂರು ತಿರುಗಿ ಟಾನಿಕ್ ಮಾರುವ ರಾಮಾಂಜನೇಯ. ಅಂಬಲಿ ಬಂದ ಮೇಲೆ ಅವನ ಸೀಸೆಗಳನ್ನು ಕೇಳುವವರಿರಲಿಲ್ಲ. ಇದು ಇವನದೇ ಕೆಲಸ ಎಂದು ನಾನು ಆಗಲೇ ತೀರ್ಮಾನ ಮಾಡಿಬಿಟ್ಟೆ.

ದೊಡ್ಡಕ್ಕ ಸೀದಾ ಹಿರಿಯ ದೊಡ್ಡೀರಪ್ಪನ ಮುಂದೆ ಹೋಗಿ ನಿಂತರು. "ಯಜಮಾನ್ರೇ, ಹೊಡಿಯಾದು ಆಮೇಲೆ ಇದ್ದೇ ಐತೆ. ಮೊದಲು ರೂಪ ಉಳೀಲಿ. ಮಡಕೆ ಎಲ್ಲೈತೆ?"

ಮಡಕೆ ರೂಪಾಳ ಅತ್ತೆ ಪಾಲಮ್ಮನ ಅಡಿಗೆಮನೆಯಲ್ಲಿತ್ತು. ಅವಳ ಮಗ ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದ. ಇವಳು ಹೊಸ್ತಿಲಲ್ಲಿ ಕೂತಿದ್ದಳು. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಸ್ವಪ್ನ ಕೂಡ ಪ್ರತಿ ಸಂಜೆ ಯೀಸ್ಟನ್ನು ಹೊಸ್ತಿಲಾಚೆಯಿಂದಲೇ ಕೊಡುತ್ತಿದ್ದಳಂತೆ. ಪಾಲಮ್ಮ ಮಡಕೆಯನ್ನು ಹೊರಗೆ ತಂದಿಟ್ಟಳು. ಮರುದಿನದ ಹೆಪ್ಪಿಗೆಂದು ಉಳಿಸಿದ ಹಸಿ ಹಿಟ್ಟು ತಳದಲ್ಲಿತ್ತು. ದೊಡ್ಡಕ್ಕ ಮೂಸಿದರು.

"ಹುಳಿ ಬಂದೈತೆ. ನೊರೆ ಯಾಕಿಲ್ಲ?"

ಸ್ವಪ್ನ ಬಗ್ಗಿ ನೋಡಿದಳು. "ದಿನಾ ಉಕ್ಕಿ ಬರ್ತಿತ್ತು. ಅದೇ ಸೀಸೆಯ ಯೀಸ್ಟನ್ನ ನನ್ನ ಕೋಣೇಲೂ ಹಾಕಿಟ್ಟಿದ್ದೆ, ಅದು ಉಕ್ಕಿದೆ."

"ಉಕ್ಕದೆ ಇದ್ದದ್ದೇ ಒಳ್ಳೇದಾತು" ದೊಡ್ಡೀರಪ್ಪ ಗುಡುಗಿದ. "ಮಡಕೆ ಈಚಲ ಹೆಂಡದ ನಾತ ಹೊಡೀತಿತ್ತು. ನಮ್ಮ ಕುಲದಾಗೆ ಹೆಂಡ ಮುಟ್ಟಿದೋರಿಲ್ಲ. ಮುಟ್ಟಿದ್ರೆ ಕುಲದಿಂದ ಹೊರಕ್ಕೆ ಅಂತ ಮೊನ್ನೇನೇ ಹೇಳಿದ್ದೆ."

ಅಂಬಲಿ ಹಂಚುವುದು ಹೇಗೆಂದು ದೊಡ್ಡಕ್ಕ ಕೇಳಿದರು. ಮೇಲಿನ ತಿಳಿ ಮೊದಲು ಕುರಿ ಹೊಡೆದುಕೊಂಡು ಹೋಗುವವರಿಗೆ, ಆಮೇಲೆ ಉಳಿದವರಿಗೆ, ತಳದ ಗಟ್ಟಿ ಬಸುರಿಯರಿಗೆ. ಅದು ಪಾಲಮ್ಮನ ಪ್ರೀತಿಯ ಕಟ್ಟಳೆ. ನಂತರ ಎಲ್ಲರೂ ಕೈ ತೋರಿಸಿ ಎಂದರು. ಅರ್ಧ ಹಟ್ಟಿಯ ಬೆರಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಶೇಂಗಾ ಬಿತ್ತನೆಯ ಕಾಲ, ಬೀಜಕ್ಕೆ ಔಷಧಿ ಪುಡಿ ಹಚ್ಚಿದ ಕೈಗಳು.

"ಎಲ್ಲಾರೂ ಕೂತ್ಕಳ್ರಿ" ಎಂದರು ದೊಡ್ಡಕ್ಕ. ಕೂತರು. ನಾನು ಮಾತ್ರ ಆಟೋದ ಪಕ್ಕದಲ್ಲೇ ನಿಂತೆ.

"ಬಸುರಿಯರನ್ನೇ ಆರಿಸಿ ಕೊಲ್ಲೋ ವಿಷ ಇದಲ್ಲ. ತಳಕ್ಕೆ ಇಳಿಯೋ ಪುಡಿ. ತಳ ಕುಡಿದೋರು ಬಿದ್ರು, ಅಷ್ಟೇ. ಆ ಪುಡಿ ಹುಳಿ ಬರೋದನ್ನ ತಡೀಲಿಲ್ಲ, ನೊರೆ ಏಳಿಸೋ ಯೀಸ್ಟನ್ನ ಮಾತ್ರ ಕೊಂದೈತೆ. ವಿಷಕ್ಕೆ ಮೊದಲು ಸತ್ತದ್ದು ಈ ಹುಡುಗಿ ಕೊಟ್ಟ ಯೀಸ್ಟು. ತನ್ನ ಕೆಲಸಾನ ತಾನೇ ಯಾರು ಕೊಂದ್ಕತಾರೆ? ಸ್ವಪ್ನಾ, ಯೀಸ್ಟ್ ಅಂದ್ರೇನು ಅಂತ ಇವರಿಗೆ ಹೆಂಗೆ ತಿಳಿಸಿದ್ದೆ?"

"ಬೂಷ್ಟಿನ ಜಾತಿ ಅಂತ" ಎಂದಳು ಸ್ವಪ್ನ ಮೆಲ್ಲಗೆ.

"ಬೂಷ್ಟು ಹಿಡೀದಂಗೆ ಶೇಂಗಾ ಬೀಜಕ್ಕೆ ಏನು ಹಚ್ತೀರಿ? ಆ ಗುಲಾಬಿ ಪುಡಿ. ರಾಗಿ ಬಣ್ಣದಾಗೆ ಅದು ಕಾಣಂಗಿಲ್ಲ. ಅದು ಎಲ್ಲರ ಮನೇಲೂ ಐತೆ. ಆದ್ರೆ ರಾಮಾಂಜನೇಯ ಆಗಲಿ, ಈ ಹುಡುಗಿ ಆಗಲಿ ಹೊಸ್ತಿಲು ದಾಟಂಗಿಲ್ಲ. ರಾತ್ರಿಯೆಲ್ಲಾ ಮಡಕೆ ಒಬ್ಬರ ಸುಪರ್ದಿನಾಗಿತ್ತು. ಹಾಕಿದೋರು ಕೊಲ್ಲಾಕೆ ಹಾಕಲಿಲ್ಲ, ಹೆದರಿ ಹಾಕಿದ್ರು. ಪಾಲಮ್ಮ, ಬಾಯಿ ಬಿಡವ್ವ. ಹೊತ್ತಾಗ್ತೈತೆ."

ಪಾಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಆಮೇಲೆ ತೆಗೆದಳು.

"ಕುಲದಿಂದ ಹೊರಕ್ಕೆ ಹಾಕ್ತೀವಿ ಅಂದ್ರು. ಅಂಬಲಿ ಬಿಡಾನ ಅಂದ್ರೆ ಸೊಸೆ ಮುಖಕ್ಕೆ ಈಗೀಗ ಕಳೆ ಬಂದಿತ್ತು. ಹೆಂಡದ ಬೂಷ್ಟು ಸಾಯಲಿ, ಅಂಬಲಿ ಉಳೀಲಿ ಅಂತ ಒಂದು ಹಿಡಿ ಹಾಕ್ದೆ. ಆ ಪುಡಿ ಹಚ್ಚಿದ ಬೀಜ ಚೆಂದಾಗಿ ಮೊಳೀತೈತಲ್ಲವ್ವ... ಹೊಟ್ಟೆಯಾಗಿನ ಕೂಸಿಗೆ ಏನಾದೀತು ಅಂದ್ಕಂಡೆ."

ದೊಡ್ಡೀರಪ್ಪನ ಕೈಯಿಂದ ದೊಣ್ಣೆ ಜಾರಿತು. ದೊಡ್ಡಕ್ಕ ಒಂದು ಮಾತೂ ಬೈಯಲಿಲ್ಲ. "ಪೊಟ್ಟಣ ತಗಂಬಾ" ಎಂದರು.

ಪುಡಿಯ ಹೆಸರನ್ನು ಸ್ವಪ್ನ ಮೊಬೈಲಿನಲ್ಲಿ ಡಾಕ್ಟರಿಗೆ ಓದಿ ಹೇಳಿದಳು. ಪಾಲಮ್ಮನನ್ನು ಕೂರಿಸಿಕೊಂಡು ನಾನು ಆಸ್ಪತ್ರೆಗೆ ಆಟೋ ಹೇಗೆ ಓಡಿಸಿದೆನೋ, ದೇವರಿಗೇ ಗೊತ್ತು. ದಾರಿಯುದ್ದಕ್ಕೂ ಅವಳು "ಇರ್ತಾಳೇನಪ್ಪಾ?" ಎಂದು ಕೇಳುತ್ತಲೇ ಇದ್ದಳು.

ಉಳಿದಿಬ್ಬರು ಸಂಜೆಗೆ ಎದ್ದು ಕೂತರು. ರೂಪ ಕಣ್ಣು ಬಿಟ್ಟದ್ದು ಮರುದಿನ ಮಧ್ಯಾಹ್ನ. ಮಗುವಿನ ಎದೆಬಡಿತ ಸರಿಯಾಗಿದೆ ಎಂದು ಡಾಕ್ಟರು ಹೇಳಿದಾಗ ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಪಾಲಮ್ಮ ಏನನ್ನೂ ಮುಚ್ಚಿಡಲಿಲ್ಲ. "ನಾನೇ ಕಣವ್ವ ಹಾಕಿದ್ದು" ಎಂದು ಎಲ್ಲವನ್ನೂ ಸೊಸೆಗೆ ಹೇಳಿದಳು. ರೂಪ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದಳು.

ಸ್ವಲ್ಪ ಹೊತ್ತಿನ ಮೇಲೆ ಪಾಲಮ್ಮ ಲೋಟದಲ್ಲಿ ಗಂಜಿ ತಂದು ಹಿಡಿದಳು. ರೂಪ ತುಟಿ ಬಿಗಿದುಕೊಂಡಳು.

"ನಂಗೆ ಭಯ ಆಗ್ತೈತೆ ಅತ್ತೆ. ಮೊದಲು ನೀನು ಕುಡಿ."

ಪಾಲಮ್ಮ ಅರ್ಧ ಲೋಟ ಕುಡಿದಳು. ಅವಳ ಗಂಟಲಿಂದ ಗಂಜಿ ಇಳಿಯುವುದನ್ನು ರೂಪ ನೋಡುತ್ತಲೇ ಇದ್ದಳು. ಆಮೇಲೆ ಕೈ ಚಾಚಿ ಲೋಟ ತೆಗೆದುಕೊಂಡಳು.