ಕಪ್ಪರಮಟ್ಟಿಯ ಬಿರಡವ್ವ

“ಅಲ್ಲೇ ನಿಲ್ರಿ. ಈ ಬಾವ್ಯಾಗ ಕೆಟ್ಟ ಕಿರಣ ಅದಾವು. ಅಯ್ಯ, ಬಿಸಿಲಾಗ ಯಾಕ ನಿಂತೀರಿ, ನೆಳ್ಳಿಗೆ ಬರ್ರಿ. ಉಂಡ್ರೇನು?”

ಸಿಮೆಂಟು ತುಂಬಿ ಮುಚ್ಚಿದ ಕೊಳವೆಬಾವಿಯ ಬಾಯಿಂದ ಹೊರಟ ಈ ಉಪಚಾರ ಕೇಳಿ ಡಾಕ್ಟರ್ ವೃಷಭೇಂದ್ರ ಹಂಪಣ್ಣವರು ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಮಾತಾಡುತ್ತಿದ್ದದ್ದು ಅವರೇ ಕಂಡುಹಿಡಿದ ಎಚ್ಚರಬಿರಡೆ. ಬಾವಿಯ ಬಾಯಿಗೆ ಬಿಗಿದು ಜನರನ್ನು ದೂರ ಓಡಿಸಲೆಂದೇ ಮಾಡಿದ ಯಂತ್ರ. ಅದರ ಸುತ್ತ ಈಗ ಅರ್ಧ ಊರು ಕುಳಿತಿತ್ತು. ಒಬ್ಬ ಪುಣ್ಯಾತ್ಮ ಕಬ್ಬಿನ ಹಾಲಿನ ಗಾಡಿಯನ್ನೂ ತಂದು ನಿಲ್ಲಿಸಿದ್ದ.

ನೆಲದಡಿಯ ಬಂಡೆಯಲ್ಲಿ ನೀರೆಷ್ಟಿದೆ ಎಂದು ಅಳೆಯಲು ಭೂಶೋಧಕರು ಕೊಳವೆಯೊಳಗೆ ವಿಕಿರಣ ಮೂಲವೊಂದನ್ನು ಇಳಿಬಿಡುತ್ತಾರೆ. ಹೆಬ್ಬೆರಳಿನಷ್ಟು ಉಕ್ಕಿನ ಡಬ್ಬಿ. ಅದರೊಳಗಿನ ಧಾತು ಕಣ್ಣಿಗೆ ಕಾಣದ ಕಿರಣ ಸೂಸುತ್ತಿರುತ್ತದೆ. ಕಪ್ಪರಮಟ್ಟಿಯಲ್ಲಿ ಆ ಡಬ್ಬಿ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು, ಜಗ್ಗಿದರೆ ತಂತಿಯೇ ಹರಿಯಿತು. ಇಂಥ ಹೊತ್ತಿನಲ್ಲಿ ಮೇಲೆ ಸಿಮೆಂಟು ಸುರಿದು, ಬಾವಿಯ ಬಾಯಿಗೆ ಎಚ್ಚರಿಕೆಯ ಫಲಕ ಜಡಿದು ಬಿಡುವುದು ಹಿಂದಿನ ಕ್ರಮ. ಮೇಲೆ ಕುಳಿತವರಿಗೆ ಏನೂ ಆಗುವುದಿಲ್ಲ. ಯಾರಾದರೂ ಕೊರೆದು ಡಬ್ಬಿ ಒಡೆದರೆ ಮಾತ್ರ ಸುತ್ತಲಿನ ನೀರೆಲ್ಲ ವಿಷವಾಗುತ್ತದೆ. ಆ ಕಿರಣ ತಣ್ಣಗಾಗಲು ಶತಮಾನಗಳೇ ಬೇಕು. ಅಷ್ಟರಲ್ಲಿ ಫಲಕ ತುಕ್ಕು ಹಿಡಿದಿರುತ್ತದೆ. ಅಂದಿನವರಿಗೆ ಇಂದಿನ ಕನ್ನಡ ತಿಳಿದೀತೆಂಬ ಭರವಸೆಯೂ ಇಲ್ಲ. ಅದಕ್ಕೇ ಹಂಪಣ್ಣವರು ಅರ್ಧ ಆಯುಷ್ಯ ಸವೆಸಿ ಈ ಬಿರಡೆ ಮಾಡಿದ್ದರು. ಅದು ಭೂಮಿಯ ಬಿಸಿಯಿಂದ ನಡೆಯುತ್ತದೆ, ಸುತ್ತಲಿನವರ ಮಾತು ಕೇಳಿಸಿಕೊಂಡು ಕಾಲಕಾಲಕ್ಕೆ ಅವರಂತೆಯೇ ಮಾತಾಡಲು ಕಲಿಯುತ್ತದೆ.

ಕಲಿತದ್ದೇ ಎಡವಟ್ಟಾಯಿತು. ಕಪ್ಪರಮಟ್ಟಿಯಲ್ಲಿ ಎದುರು ಬಂದವರನ್ನು ಉಂಡಿರಾ ಎಂದು ಕೇಳದೆ ಮುಂದಿನ ಮಾತಿಲ್ಲ. ಹೊರಟವರಿಗೆ ‘ಹೋಗಿ ಬರ್ರಿ’ ಅನ್ನದೆ ಬಾಗಿಲು ಹಾಕುವಂತಿಲ್ಲ. ಬಿರಡೆ ಇದನ್ನೆಲ್ಲ ಒಳ್ಳೆಯ ಸೊಸೆಯಂತೆ ಕಲಿತು, ಹೆದರಿಸಿದ ಮೇಲೆ ಪ್ರತಿಯೊಬ್ಬರಿಗೂ ಹೋಗಿ ಬರಲು ಹೇಳಿತು. ಅವರು ಬಂದರು. ಬಿರಡವ್ವ ಎಂದು ಹೆಸರಿಟ್ಟರು. ಹೆಣ್ಣು ನೋಡಲು ಹೋಗುವವರು ಆಕೆಯನ್ನೊಂದು ಮಾತು ಕೇಳಿಯೇ ಗಾಡಿ ಹತ್ತತೊಡಗಿದರು. ಗಂಡ ತೀರಿದ ಮೇಲೆ ಮಾತೇ ಬಿಟ್ಟಿದ್ದ ಪಕ್ಕದ ಹೊಲದ ನೀಲವ್ವ ಈಗ ದಿನವೂ ಬಂದು, ಕೌದಿ ಹೊಲಿಯುತ್ತ ಆಕೆಯ ಜೊತೆ ಹರಟುತ್ತಿದ್ದಳು.

ಮುಂದಿನ ತಿಂಗಳು ಪರಿಶೀಲನಾ ಸಮಿತಿ ಬರುವುದಿತ್ತು. ಬಾವಿಯ ಬಳಿ ಜನ ಕಂಡರೆ ಬಿರಡೆ ನಪಾಸು, ಹಂಪಣ್ಣವರ ದುಡಿಮೆಯೆಲ್ಲ ಮಣ್ಣುಪಾಲು. ಅವರು ನೀಲವ್ವನ ಮುಂದೆ ಕೈಜೋಡಿಸಿ, ಅದು ಒರಟುತನ ಕಲಿಯುವಂತೆ ಊರವರೆಲ್ಲ ಬಾವಿಯ ಹತ್ತಿರ ನಿಂತು ಬೈಯಬೇಕೆಂದು ಬೇಡಿಕೊಂಡರು.

“ಬೈಯೂದಾ? ಅದನ್ನ ನಮಗ ಯಾರೂ ಹೇಳಿಕೊಡೂದು ಬ್ಯಾಡ ಬಿಡ್ರಿ ಸಾಹೇಬ್ರ,” ಅಂದಳು ನೀಲವ್ವ.

ಹೆಂಗಸರು ಮಕ್ಕಳನ್ನೂ ಅಳಿಯಂದಿರನ್ನೂ ಎಳೆತಂದು ಮನಸಾರೆ ಬೈದರು. ಬಿರಡೆ ಕಿವಿಗೊಟ್ಟು ಕೇಳಿತು. ಸಮಿತಿಯ ಅಧ್ಯಕ್ಷರು, ನಗುವೇ ಅರಿಯದ ಮನುಷ್ಯ, ಬಾವಿಯತ್ತ ಹೆಜ್ಜೆ ಇಟ್ಟದ್ದೇ ತಡ ಅದು ಶುರುಮಾಡಿತು: “ಇಷ್ಟ ದಿನ ಎಲ್ಲಿ ಹಾಳಾಗಿ ಹೋಗಿದ್ದಿ? ಮಾರಿ ನೋಡು, ಹೆಂಗ ಇಳದೈತಿ. ಮೈಮ್ಯಾಲ ಖಬರ ಐತಿಲ್ಲ ನಿನಗ?”

ತಾಯಿ ಹೋದ ಮೇಲೆ ಅಧ್ಯಕ್ಷರನ್ನು ಯಾರೂ ಹಾಗೆ ಬೈದಿರಲಿಲ್ಲ. ಅವರು ಅಲ್ಲೇ ಕಲ್ಲಿನ ಮೇಲೆ ಕುಳಿತು ಕರವಸ್ತ್ರ ತೆಗೆದರು. ಕಣ್ಣೊರೆಸಿಕೊಂಡಾದ ಮೇಲೆ, ಓಡಿಸಬೇಕಾದ ಯಂತ್ರ ಕೂರಿಸಿಕೊಳ್ಳುತ್ತದೆಂದು ಅದರ ಧ್ವನಿ ನಿಲ್ಲಿಸಿ ಹಳೆಯ ಫಲಕವನ್ನೇ ಜಡಿಯಬೇಕೆಂದು ಆಜ್ಞೆ ಬರೆಸಿದರು. ಹಂಪಣ್ಣವರು ತಮ್ಮ ಕೈಯಾರೆ ಬಿರಡೆಯ ಬಾಯಿ ಕಟ್ಟಿದರು. ಜೀಪಿನಿಂದ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತ ಧಾರವಾಡಕ್ಕೆ ಹೊರಟರು.

ಕೆಲವು ದಿನ ಬಿಟ್ಟು ಫಲಕ ಹೇರಿಕೊಂಡು ಬಂದವರಿಗೆ ಕಂಡದ್ದು ಬೋರು ಕೊರೆಯುವ ಲಾರಿ. ಬಾವಿಯ ನೆತ್ತಿಯ ಮೇಲೆ ಅದರ ಕೊರೆಗೋಲು ಎದ್ದು ನಿಂತಿತ್ತು. ಅವರ ಜೊತೆ ಬಂದಿದ್ದ ಹಂಪಣ್ಣವರು ಜೀಪಿನಿಂದ ಧುಮುಕಿದರು.

“ಆಕಿ ಮಾತು ನಿಂತೈತ್ರಿ,” ಎಂದಳು ನೀಲವ್ವ, ಅತ್ತು ಅತ್ತು ಕೆಂಪಾದ ಕಣ್ಣಲ್ಲಿ. “ಬಾವ್ಯಾಗ ಇದ್ದಾಕಿನ್ನ ಹಂಗ ಬಿಡಾಕ ಬರ್ತದೇನು? ಮ್ಯಾಲ ಎತ್ತಾಕ ಹತ್ತೇವಿ.”

ವಿಕಿರಣ, ಧಾತು, ವಿಷದ ನೀರು ಎಂದು ಹಂಪಣ್ಣವರು ಕೂಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲಾರಿಯವನು ಇಂಜಿನ್ ಚಾಲೂ ಮಾಡಿದ. ಹಂಪಣ್ಣವರು ಓಡಿಹೋಗಿ ಬಿರಡೆಯ ಮುಚ್ಚಳ ತೆರೆದು, ಧ್ವನಿಯ ತಂತಿ ಮತ್ತೆ ಜೋಡಿಸಿದರು.

“ಯಪ್ಪಾ, ಆ ಗಾಡಿ ಹಿಂದಕ ತಗೀ,” ಎಂದಿತು ಬಿರಡೆ. “ನನ್ನ ಕೆಳಗ ಕೆಟ್ಟದೊಂದು ಮಲಗೈತಿ. ನನ್ನ ಎಬ್ಬಿಸಿದ್ರ ಅದೂ ಏಳ್ತೈತಿ. ನಾ ಇಲ್ಲೇ ಇರಬೇಕು.”

ಲಾರಿ ಹಿಂದೆ ಸರಿಯಿತು. ಆ ಬಾವಿಯ ಎಚ್ಚರಿಕೆಯನ್ನು ಕಪ್ಪರಮಟ್ಟಿ ನಿಜವಾಗಿ ಕೇಳಿಸಿಕೊಂಡದ್ದು ಅದೇ ಮೊದಲು.

“ಎಲ್ಲಿ ಮಟಾ ಇರಬೇಕಬೇ?” ಎಂದು ಕೇಳಿದಳು ನೀಲವ್ವ.

“ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಮುದುಕರಾದ್ರೂ ಇರಬೇಕು.”

ನೀಲವ್ವ ಹಂಪಣ್ಣವರ ಕಡೆ ತಿರುಗಿದಳು. “ಅಷ್ಟ ಕಾಲ ಒಬ್ಬಾಕಿನ್ನ ಇಲ್ಲಿ ಕುಂದರಿಸೀರಿ?”

ಸಿಮೆಂಟಿನ ಬಾಳಿಕೆ, ಭೂಮಿಯ ಬಿಸಿ, ಭಾಷೆಯ ಬದಲಾವಣೆ, ಎಲ್ಲವನ್ನೂ ಲೆಕ್ಕ ಹಾಕಿದ್ದ ಹಂಪಣ್ಣವರಿಗೆ ಇದೊಂದು ಹೊಳೆದಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಊರವರು ಅಲ್ಲೇ ಕುಳಿತು ಮಾತಾಡಿಕೊಂಡರು: ಇನ್ನು ಮುಂದೆ ಮನೆಗೊಂದು ಪಾಳಿ, ಬಿರಡವ್ವನನ್ನು ಒಬ್ಬಳನ್ನೇ ಬಿಡುವಂತಿಲ್ಲ. ಇವತ್ತಿನ ಪಾಳಿ ಸಾಹೇಬರದು, ಬಾಯಿ ಕಟ್ಟಿದವರೇ ಸಮಾಧಾನ ಮಾಡಲಿ ಎಂದು ಹೇಳಿ ನೀಲವ್ವ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟುಹೋದಳು.

ಹಂಪಣ್ಣವರು ಬಾವಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತರು. ಯಂತ್ರಕ್ಕೆ ಮಾತು ಕಲಿಸಿದ ವಿಜ್ಞಾನಿಗೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಕೆಮ್ಮಿದರು. ಹೆಸರು ಹಿಡಿದು ಕರೆದರು. ಬಿರಡೆ ತುಟಿ ಬಿಚ್ಚಲಿಲ್ಲ. ತಂತಿಗಳನ್ನೆಲ್ಲ ಮುಟ್ಟಿ ನೋಡಿದರು, ಎಲ್ಲ ಸರಿಯಾಗಿಯೇ ಇದ್ದವು. ಆಕೆ ಮುನಿಸಿಕೊಂಡಿದ್ದಳು. ಅದನ್ನೂ ಕಪ್ಪರಮಟ್ಟಿಯವರಿಂದಲೇ ಕಲಿತಿದ್ದಳು.

ಹಂಪಣ್ಣವರು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸಿಮೆಂಟಿನ ಹತ್ತಿರ ಬಾಗಿದರು.

“ತಪ್ಪಾತ ಯವ್ವಾ,” ಅಂದರು.