ಮೊದಲು ಹೇಳಬೇಕಾದದ್ದು

"ಮೊದಲು ಆಗಿದ್ದು ಯಾವ್ದು, ಅದನ್ನ ಹೇಳಿ. ಗೆಸ್ಟ್ ಬಂದಿದ್ದಾ, ಕರೆಂಟ್ ಹೋಗಿದ್ದಾ?"

"ನನ್ನ ತಲೆ ಹೋಗಿದ್ದು, ಮೇಷ್ಟ್ರೇ," ಎಂದು ಪೆನ್ನು ಎಸೆದೆ.

ಸಂಸೆಯಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುವವಳು ನಾನು. ಬಿಸಿನೀರಿಲ್ಲ ಎಂದು ಯಾರೋ ಗೆಸ್ಟ್ ಆನ್‌ಲೈನಿನಲ್ಲಿ ಬೈದು ಬರೆದಿದ್ದರು. ನಾನು ಬರೆದ ಇಂಗ್ಲಿಷ್ ಉತ್ತರ ಓದಿದರೆ, ಅವರು ಬಂದ ಮೇಲೆ ನಾನೇ ಕರೆಂಟ್ ತೆಗೆದ ಹಾಗಿತ್ತು. ಎರಡು ಸಂಗತಿಗಳಲ್ಲಿ ಮೊದಲು ನಡೆದದ್ದಕ್ಕೆ ‘ಹ್ಯಾಡ್’ ಸೇರಿಸಬೇಕು, ಅದೇ ಪಾಸ್ಟ್ ಪರ್ಫೆಕ್ಟ್ ಎಂದು ವಾರಕ್ಕೊಮ್ಮೆ ನನಗೆ ಇಂಗ್ಲಿಷ್ ಕಲಿಸಲು ಬರುವ ಕಳಸದ ಹೈಸ್ಕೂಲಿನ ನಿರಂಜನ ಮೇಷ್ಟ್ರು ಮೂರನೇ ಸಲ ಹೇಳಿದರು.

ಹೇಳುವಾಗ ಕನ್ನಡಕದ ಮೇಲಿನಿಂದ ನೋಡುತ್ತಾರೆ. ಆ ನೋಟಕ್ಕಾಗಿ ಎಷ್ಟೋ ಸಲ ಬೇಕೆಂದೇ ತಪ್ಪು ಬರೆದಿದ್ದೇನೆ. ನಲವತ್ತೆರಡರಲ್ಲಿ ಇದೇನು ಹುಚ್ಚು ಎಂದು ನನ್ನನ್ನೇ ಬೈದುಕೊಂಡಿದ್ದೂ ಉಂಟು.

ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿತೋಟವೆಲ್ಲ ಬೆಳ್ಳಗಾಗಿದ್ದ ವಾರ ಅವರೇ ಕೇಳಿದ್ದರು: "ಎದುರಿಗೆ ಕೂತಿದ್ದು ಸಾಕು ರಜನಿ, ಪಕ್ಕಕ್ಕೆ ಬರ್ಲಾ?"

ಅವರ ಕಾಫಿ ಲೋಟವನ್ನು ನನ್ನ ಬದಿಗೆ ಎಳೆದುಕೊಂಡೆ. ಅಂದಿನಿಂದ ಆ ಲೋಟದಲ್ಲಿ ಬೇರೆ ಯಾರಿಗೂ ಕಾಫಿ ಕೊಟ್ಟಿಲ್ಲ.

ಇವತ್ತಿನ ತಪ್ಪು ಮಾತ್ರ ಬೇಕೆಂದು ಬರೆದದ್ದಲ್ಲ. ಮೇಷ್ಟ್ರಿಗೆ ಕಡೂರಿಗೆ ವರ್ಗವಾಗಿದೆ ಎಂದು ಜೀಪಿನ ದಿಲೀಪ್ ಬೆಳಿಗ್ಗೆ ಹೇಳಿದ್ದ. ಇವರು ಹೇಳಿರಲಿಲ್ಲ.

ನೇರವಾಗಿ ಕೇಳಿದೆ. ಅವರು ಕೆಂಪು ಪೆನ್ನಿಗೆ ಕ್ಯಾಪ್ ಹಾಕಿದರು.

"ಅರ್ಜಿ ಹಾಕಿದ್ದು ನಿಮ್ಮ ಪರಿಚಯ ಆಗೋಕೆ ಮೊದ್ಲು, ರಜನಿ. ಅದು ಮೊದಲು, ನೀವು ಆಮೇಲೆ."

ಕ್ರಮ ಸರಿಯಾಗಿಯೇ ಇತ್ತು. ಅರ್ಜಿ ವಾಪಸ್ ತೆಗೆಯಲು ಯಾವಾಗಿನವರೆಗೆ ಅವಕಾಶವಿತ್ತು ಎಂದೆ. ಏಪ್ರಿಲ್ ಕೊನೆಯವರೆಗಂತೆ. ಯಾಕೆ ತೆಗೆಯಲಿಲ್ಲ ಎಂದರೆ, ಅಕ್ಕ ಏನಂತಾಳೋ, ಸ್ಕೂಲಲ್ಲಿ ಏನಂತಾರೋ ಎಂದು ಗೊಣಗಿದರು. ಸಮಯ ನೋಡಿ ನನಗೆ ಹೇಳುವವರಿದ್ದರಂತೆ.

"ಮೊದಲು ಆಗಿದ್ದು ಯಾವ್ದು ಅಂತ ಆರು ತಿಂಗಳು ಕಲಿಸಿದ್ರಿ ಮಾರಾಯ್ರೇ. ಮೊದಲು ಹೇಳ್ಬೇಕಾದ್ದು ಯಾವ್ದು ಅಂತ ನಿಮಗೇ ಗೊತ್ತಿಲ್ಲ."

ಹೇಳಿ ಕಾದೆ. ಹೋಗಲ್ಲ ಅನ್ನುವುದು ಬೇಡ, ಜೊತೆಗೆ ಬಾ ಅಂದಿದ್ದರೂ ಸಾಕಿತ್ತು. ಅವರು ಪುಸ್ತಕ ಜೋಡಿಸಿಕೊಂಡರು. ಗೆಸ್ಟ್‌ಗೆ ಕೊಡುವ ಉತ್ತರ ತಿದ್ದಿ ಕಳಿಸ್ತೇನೆ ಎಂದು ಮೆಟ್ಟಿಲಿಳಿದರು.

ಮರುದಿನ ಉತ್ತರ ಮೊಬೈಲಿಗೆ ಬಂತು. ಒಂದೂ ತಪ್ಪಿರಲಿಲ್ಲ. ಅವರು ಬರಲಿಲ್ಲ, ಮುಂದಿನ ವಾರವೂ ಇಲ್ಲ, ಅದರ ಮುಂದಿನ ವಾರವೂ ಇಲ್ಲ.

ಲೋಟ ತೊಳೆದು, ಗೆಸ್ಟ್‌ಗಳ ಲೋಟದ ಸಾಲಿಗೆ ಸೇರಿಸಿದೆ.